ಆರು ಕೊಳವೆಯ ತೂಬು

ಮೀಟರಿನಲ್ಲಿ ಒಂದು ಹಳದಿ ದೀಪ,
ಗೌರಿಹಬ್ಬದಿಂದ ಆರಿಲ್ಲ.
ಶೋರೂಮಿನವನು ಲ್ಯಾಪ್‌ಟಾಪು ನೋಡಿ, ನನ್ನನ್ನೂ ನೋಡಿ,
'ಎಬಿಎಸ್ ಯೂನಿಟ್ ಹೋಗಿದೆ ಸಾರ್, ನಲವತ್ತೆರಡು ಸಾವಿರ' ಅಂದ.
ಹದಿಮೂರು ವರ್ಷದ ಕಾರೇ ಅಷ್ಟು ಬಾಳುತ್ತೋ ಇಲ್ಲವೋ.

ದೀಪ ತಾನೇ, ಉರಿಯಲಿ ಎಂದುಕೊಂಡಿದ್ದೆ.
ಹೊಳಲು ದಾರಿಯಲ್ಲಿ ಟಾರಿನ ಮೇಲೆ ಹುರುಳಿ ಹರಡಿದ್ದರು.
ತುಳಿದೆ.
ಚಕ್ರ ನಾಲ್ಕೂ ಕಲ್ಲಾದವು, ಕಾರು ಮಾತ್ರ ನಡೆಯಿತು
ಸೊಪ್ಪಿನ ಮೇಲೆ, ಸದ್ದಿಲ್ಲದೆ, ನಾಲೆಯ ಕಡೆಗೆ;
ಮೈಲಿಗಲ್ಲಿಗೆ ಮೂತಿ ತಾಗಿಸಿ ನಿಂತಿತು.
ಹುರುಳಿಯವಳು ಓಡಿಬಂದು ಮೊದಲು ಕಾಳು ಬಳಿದಳು,
ಆಮೇಲೆ ನನ್ನನ್ನು ವಿಚಾರಿಸಿದಳು.

ಗುತ್ತಲು ರಸ್ತೆಯ ಗುಜರಿಯಲ್ಲಿ ನವಾಜಿಷ್ ಸಾಬರು
ಗೋಣಿಯ ಮೇಲಿಟ್ಟರು ಅದನ್ನು:
ಬೆಲ್ಲದ ಅಚ್ಚಿನಷ್ಟು ಅಲ್ಯೂಮಿನಿಯಂ, ಪಕ್ಕಕ್ಕೊಂದು ಮೋಟಾರು,
ನೆತ್ತಿಯ ಮೇಲೆ ಆರು ತೂತು.
ನಾಲ್ಕೂವರೆ ಅಂದರು, ಮೂರೂಮುಕ್ಕಾಲಿಗೆ ಇಳಿದರು.
ನಂಬರು ಕೊನೆಯ ಅಕ್ಷರದವರೆಗೂ ಹೊಂದಿತು.
ಯಾವ ಕಾರಿನದು ಎಂದು ನಾನು ಕೇಳಲಿಲ್ಲ.

ಭಾನುವಾರ, ಸ್ವರ್ಣಸಂದ್ರದ ನಮ್ಮ ಬೀದಿ.
ಬ್ಯಾಟರಿಯ ಮೈನಸ್ ಬಿಚ್ಚಿದೆ.
ಒಂದೊಂದು ಕೊಳವೆಗೂ ಒಂದೊಂದು ಬಣ್ಣ ಕಟ್ಟಿದೆ,
ಮಗಳ ಜಡೆ ಟೇಪಿನ ಚೂರು.
ಐದು ನಟ್ಟು ಬಂದವು. ಆರನೆಯದು
ತುಕ್ಕು ಕಚ್ಚಿಕೊಂಡು ಕೂತಿತು, ನನ್ನ ಗೆಣ್ಣು ಸುಲಿಯಿತು.
ಎಣ್ಣೆ ಬಿಟ್ಟು, ಕಾಫಿ ಕುಡಿದು, ಬೈದು, ಮತ್ತೆ ಎಣ್ಣೆ ಬಿಟ್ಟು
ಹನ್ನೊಂದೂವರೆಗೆ 'ಟಿಕ್' ಅಂದಿತು.
ಆ ಟಿಕ್ಕಿನ ಸುಖ ಸಂಬಳದ ಮೆಸೇಜಿಗೂ ಇಲ್ಲ.

ಗಾಳಿ ತೆಗೆಯಲು ಇಬ್ಬರು ಬೇಕು.
ಮನೆಯಲ್ಲಿದ್ದವಳು ಕಣ್ಣಿನ ಆಪರೇಷನ್ನಿಗೆಂದು ಬಂದ ಮಂಚಮ್ಮತ್ತೆ.
ಸ್ಟೇರಿಂಗಿನ ಮುಂದೆ ಎಂದೂ ಕೂತವಳಲ್ಲ;
ಚಪ್ಪಲಿ ಹೊರಗೆ ಬಿಟ್ಟು ಹತ್ತಿದಳು.
'ಏನ್ಲಾ ಮಾಡ್ತದೆ ಈ ಡಬ್ಬ?'
'ಚಕ್ರ ಕಲ್ಲಾಗದಂಗೆ ನೋಡ್ಕೋತದೆ ಅತ್ತೆ.
ಯಾವುದಕ್ಕೆ ಎಷ್ಟು ಬೇಕೋ ಅಷ್ಟು ಬಿಡ್ತದೆ, ಹಿಡೀತದೆ, ಬಿಡ್ತದೆ.'
'ನೀರುಗಂಟಿ ಅನ್ನು.'

ಅವಳ ಅಪ್ಪ, ನನ್ನ ತಾತ, ನೀರುಗಂಟಿ.
ಲಾಟೀನು ಹಿಡಿದು ರಾತ್ರಿಯಿಡೀ ತೂಬು ಎತ್ತಿ ಇಳಿಸಿದವನು:
ಮೇಲಿನವರ ಗದ್ದೆ ಮುಳುಗಬಾರದು, ಕೆಳಗಿನವರದು ಒಣಗಬಾರದು.
ಅವನದೆಂದು ಒಂದು ಗುಂಟೆ ಇರಲಿಲ್ಲ.

'ತುಳಿ ಅತ್ತೆ.'
ಪೆಡಲಿಗೆ ಕಾಲುಂಗುರ ತಾಕಿತು.
'ಹಿಡ್ಕೊ.'
ಹಿಂದಿನ ಚಕ್ರದ ನಿಪ್ಪಲ್ ಸಡಿಲಿಸಿದೆ,
ನೀರಿನ ಬಾಟಲಿಗೆ ಗುಳ್ಳೆ, ಗುಳ್ಳೆ, ಕಪ್ಪು ಎಣ್ಣೆ.
ಬಿಗಿದೆ. 'ಬಿಡು.'

ಎರಡನೆಯ ಚಕ್ರಕ್ಕೆ ಕೇಳಿದಳು:
'ಇದು ಯಾರ ಕಾರಿಂದ್ಲಾ?'
'ಗುಜರೀದು.'
'ಗುಜರಿಗೆ ಯಾಕ್ ಬಂತು?'
ನಾನು ಸ್ಪ್ಯಾನರ್ ಹುಡುಕಿದೆ, ಕೈಯಲ್ಲೇ ಇತ್ತು.
'ಅವ್ರು ಉಳ್ಕಂಡ್ರಾ?'

ಕಾರಿನಡಿ ಆಕಾಶವಿಲ್ಲ.
ಈ ಕಪ್ಪಿನಲ್ಲಿ ನನ್ನದೆಷ್ಟು, ಅವರದೆಷ್ಟು?
ಯಾರೋ ಕಡೆಯ ಸಲ ಹಲ್ಲು ಕಚ್ಚಿ ತುಳಿದದ್ದು
ಈ ಡಬ್ಬದ ಸಂದಿಯಲ್ಲಿ ಇಷ್ಟು ದಿನ ತಂಗಿತ್ತೇ?
'ಗೊತ್ತಿಲ್ಲ ಅತ್ತೆ. ತುಳಿ.'
ತುಳಿದಳು.
'ಬಿಡು' ಎಂದರೂ ಬಿಡಲಿಲ್ಲ.
ಎಷ್ಟೋ ಹೊತ್ತಿನ ಮೇಲೆ
'ಬುಟ್ಟೆ ಕಣಪ್ಪ' ಅಂದಳು, ನನಗಲ್ಲ.

ಸಂಜೆ, ಎರವಲು ಸ್ಕ್ಯಾನರು ಸಿಕ್ಕಿಸಿ ಪಂಪು ತಿರುಗಿಸಿದೆ,
ಮತ್ತೊಂದು ಸುತ್ತು ಗಾಳಿ ತೆಗೆದೆವು. ದೀಪ ಆರಿತು.
ಹೊಳಲು ದಾರಿ, ಅದೇ ಹುರುಳಿ, ಅದೇ ಕಲ್ಲು.
ಪಕ್ಕದಲ್ಲಿ ಅತ್ತೆ, ಬೆಲ್ಟು ಹಾಕಿಕೊಂಡು.
ನಲವತ್ತರಲ್ಲಿ ತುಳಿದೆ.
ಕಾಲಡಿ ಕಟಕಟಕಟ ಎಂದು ಯಾರೋ
ಎತ್ತಿ ಇಳಿಸಿ ಎತ್ತಿ ಇಳಿಸಿ,
ಕಾರು ನೆಟ್ಟಗೆ ನಿಂತಿತು.
'ಇನ್ನೊಂದ್ ಸಲ' ಅಂದಳು.

ಹಳೆಯ ಎಣ್ಣೆಯ ಬಾಟಲಿ ಕಾಂಪೌಂಡಿನ ಮೇಲೆ ಹಾಗೇ ಇದೆ.
ಮಣ್ಣಿಗೆ ಸುರಿಯುವಂತಿಲ್ಲ. ಮೋರಿಗೂ ಇಲ್ಲ.
'ನಾಲೆಗಂತೂ ಹಾಕ್‌ಬ್ಯಾಡ' ಎಂದು ಹೇಳಿ ಹೋಗಿದ್ದಾಳೆ.